ನಾಲ್ಕೇ ಧಾತುಗಳ ದೇಹಕ್ಕೆ ಇಷ್ಟೊಂದು ಬಗೆಯ ಆಹಾರ ಯಾಕೆ ಬೇಕು?

ಪ್ರಶ್ನೆ: ನಮ್ಮ ದೇಹದ ತೂಕದಲ್ಲಿ ಶೇ. 96ರಷ್ಟು ಬರೀ ನಾಲ್ಕು ಧಾತುಗಳು ಎಂದು ಓದಿದೆ. ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ. ಸಕ್ಕರೆಯಲ್ಲಿ ಇವುಗಳಲ್ಲಿ ಮೂರು ಇವೆ. ನಾಲ್ಕನೆಯದು ಗಾಳಿಯಲ್ಲೇ ಧಾರಾಳವಾಗಿದೆ. ಹಾಗಿದ್ದ ಮೇಲೆ ಪ್ರೋಟೀನ್, ವಿಟಮಿನ್, ಕಬ್ಬಿಣ ಎಂದು ಇಷ್ಟೆಲ್ಲ ಲೆಕ್ಕ ಯಾಕೆ? ಚರ್ಮಕ್ಕೆ ಕೊಲಾಜೆನ್ ಪುಡಿ, ರಕ್ತದ ಆಮ್ಲ ತಗ್ಗಿಸಲು ಕ್ಷಾರೀಯ ಆಹಾರ ಅಂತಾರಲ್ಲ, ಅದರಲ್ಲಿ ನಿಜವಾದ ರಸಾಯನಶಾಸ್ತ್ರ ಎಷ್ಟು? ನಾನು ವಿಜ್ಞಾನ ಓದಿದವಳಲ್ಲ. ಅರ್ಥವಾಗುವ ಹಾಗೆ ಹೇಳಿ.

ಉತ್ತರ: ವಿಜ್ಞಾನ ಓದಿಲ್ಲ ಎಂದಿದ್ದೀರಿ. ಆದರೆ ನಿಮ್ಮ ಮೊದಲ ಪ್ರಶ್ನೆಯನ್ನೇ ಇನ್ನೂರು ವರ್ಷಗಳ ಹಿಂದೆ ಒಬ್ಬ ದೊಡ್ಡ ವಿಜ್ಞಾನಿ ಕೇಳಿದ್ದರು. ಫ್ರಾನ್ಸಿನ ಫ್ರಾಂಸ್ವಾ ಮಜಾಂದಿ. 1816ರಲ್ಲಿ ಅವರು ಒಂದು ನಾಯಿಗೆ ಬರೀ ಸಕ್ಕರೆ ಮತ್ತು ಬಟ್ಟಿ ಇಳಿಸಿದ ನೀರು ಕೊಟ್ಟು ನೋಡಿದರು. ದೇಹದಲ್ಲಿರುವ ಸಾರಜನಕ ಎಲ್ಲಿಂದ ಬರುತ್ತದೆ, ಗಾಳಿಯಿಂದಲೋ ಊಟದಿಂದಲೋ, ಎಂದು ಅವರಿಗೆ ತಿಳಿಯಬೇಕಿತ್ತು. ಮೊದಲ ಕೆಲವು ದಿನ ನಾಯಿ ಚೆನ್ನಾಗಿಯೇ ಇತ್ತು. ಆಮೇಲೆ ತೂಕ ಇಳಿಯತೊಡಗಿತು. ಕಣ್ಣಿನ ಮುಂಭಾಗದ ಪೊರೆಯಲ್ಲಿ ಹುಣ್ಣಾಯಿತು. ಸುಮಾರು ಒಂದು ತಿಂಗಳಿಗೆ ಅದು ಸತ್ತುಹೋಯಿತು. ಇದನ್ನು ಓದುವಾಗಲೆಲ್ಲ ನನಗೆ ಆ ಮೂಕ ಪ್ರಾಣಿಯ ಬಗ್ಗೆ ಸಂಕಟವಾಗುತ್ತದೆ. ಆದರೆ ನಿಮ್ಮ ಪ್ರಶ್ನೆಗೆ ಸಿಕ್ಕ ಮೊದಲ ಸ್ಪಷ್ಟ ಉತ್ತರ ಅದೇ.

ಸಕ್ಕರೆಯಲ್ಲಿ ಶಕ್ತಿಗೆ ಕೊರತೆ ಇರಲಿಲ್ಲ. ಗಾಳಿಯಲ್ಲಿ ಸಾರಜನಕಕ್ಕೂ ಕೊರತೆ ಇರಲಿಲ್ಲ. ಆದರೂ ನಾಯಿ ಬದುಕಲಿಲ್ಲ. ಯಾಕೆಂದರೆ ಧಾತು ಇದ್ದರೆ ಸಾಲದು. ಅದರ ಪರಮಾಣುಗಳು ಒಂದಕ್ಕೊಂದು ಹೇಗೆ ಗಂಟು ಹಾಕಿಕೊಂಡಿವೆ ಎನ್ನುವುದು ಮುಖ್ಯ. ಆ ಗಂಟನ್ನೇ ರಾಸಾಯನಿಕ ಬಂಧ ಎನ್ನುತ್ತೇವೆ. ಕೆಲವು ಗಂಟುಗಳನ್ನು ನಮ್ಮ ದೇಹ ಸಲೀಸಾಗಿ ಬಿಚ್ಚುತ್ತದೆ. ಕೆಲವನ್ನು ತಾನೇ ಹಾಕುತ್ತದೆ. ಇನ್ನು ಕೆಲವು ಅದರ ಕೈಲಿ ಆಗುವುದೇ ಇಲ್ಲ. ನೀವು ಕೇಳಿದ ಅಷ್ಟೂ ಪ್ರಶ್ನೆಗಳನ್ನು ನಾನು ಈ ಒಂದೇ ದಾರಿಯಲ್ಲಿ ಬಿಡಿಸುತ್ತೇನೆ: ದೇಹ ಏನನ್ನು ಬಿಚ್ಚಬಲ್ಲದು, ಏನನ್ನು ಕಟ್ಟಬಲ್ಲದು, ಏನನ್ನು ಹೊರಗಿನಿಂದಲೇ ತರಿಸಿಕೊಳ್ಳಬೇಕು.

ಮೊದಲು ನಿಮ್ಮ ಲೆಕ್ಕ. ಅದು ಸರಿಯಾಗಿದೆ. ತೂಕದಲ್ಲಿ ಸುಮಾರು ಶೇ. 65 ಆಮ್ಲಜನಕ, ಶೇ. 18 ಇಂಗಾಲ, ಶೇ. 10 ಜಲಜನಕ, ಶೇ. 3 ಸಾರಜನಕ. ಆಮ್ಲಜನಕ ಇಷ್ಟು ಜಾಸ್ತಿ ಇರುವುದಕ್ಕೆ ಕಾರಣ ನೀರು. ವಯಸ್ಕರ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಈ ನಾಲ್ಕರ ಜೊತೆ ಕ್ಯಾಲ್ಸಿಯಂ ಮತ್ತು ರಂಜಕ ಸೇರಿಸಿದರೆ ಲೆಕ್ಕ ಶೇ. 98 ದಾಟುತ್ತದೆ. ಉಳಿದ ಚೂರುಪಾರಿನಲ್ಲೇ ಪೊಟ್ಯಾಸಿಯಂ, ಗಂಧಕ, ಸೋಡಿಯಂ, ಕ್ಲೋರಿನ್, ಮೆಗ್ನೀಸಿಯಂ, ಕಬ್ಬಿಣ, ಸತು, ಅಯೋಡಿನ್ ಎಲ್ಲ ಬರಬೇಕು. ಕಬ್ಬಿಣ ಇಡೀ ದೇಹದಲ್ಲಿ ಇರುವುದು 3ರಿಂದ 4 ಗ್ರಾಂ. ಅಯೋಡಿನ್ 15ರಿಂದ 20 ಮಿಲಿಗ್ರಾಂ ಅಷ್ಟೇ. ತೂಕ ನೋಡಿ ಯಾವುದು ಮುಖ್ಯ ಎಂದು ತೀರ್ಮಾನಿಸಿದರೆ ಇಲ್ಲೇ ಎಡವುತ್ತೇವೆ. ಅಯೋಡಿನ್ ಇಲ್ಲದಿದ್ದರೆ ಥೈರಾಯ್ಡ್ ಹಾರ್ಮೋನ್ ತಯಾರಾಗುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಸರಿಯಾಗಿ ಬೆಳೆಯುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿದರೂ 4 ಗ್ರಾಂ ತುಂಬುವುದಿಲ್ಲ. ಒಂದು ಟೀ ಚಮಚಕ್ಕೂ ಕಡಿಮೆ.

ಈಗ ಸಾರಜನಕ. ಗಾಳಿಯಲ್ಲಿ ಶೇ. 78 ಅದೇ ಇದೆ. ಪ್ರತಿ ಉಸಿರಿನಲ್ಲೂ ಎದೆ ತುಂಬ ಎಳೆದುಕೊಳ್ಳುತ್ತೇವೆ. ಹಾಗೇ ವಾಪಸ್ ಬಿಡುತ್ತೇವೆ. ಒಂದು ಪರಮಾಣುವನ್ನೂ ಬಳಸಿಕೊಳ್ಳಲು ಆಗುವುದಿಲ್ಲ. ಗಾಳಿಯಲ್ಲಿ ಎರಡು ಸಾರಜನಕ ಪರಮಾಣುಗಳು ಮೂರು ಎಳೆಯ ಗಂಟಿನಿಂದ ಬಿಗಿದುಕೊಂಡಿವೆ. ಪ್ರಕೃತಿಯಲ್ಲಿರುವ ಬಲು ಗಟ್ಟಿಯಾದ ಬಂಧಗಳಲ್ಲಿ ಅದೂ ಒಂದು. ಜೀವಕೋಶದೊಳಗೆ ಇಂಥ ಗಂಟು ಬಿಚ್ಚುವ, ಹಾಕುವ ಕೆಲಸ ಮಾಡಿಸುವ ಪ್ರೋಟೀನ್‌ಗೆ ಕಿಣ್ವ (ಎನ್‌ಜೈಮ್) ಎನ್ನುತ್ತಾರೆ. ಸಾರಜನಕದ ಗಂಟು ಬಿಚ್ಚುವ ಕಿಣ್ವ ಕೆಲವು ಸೂಕ್ಷ್ಮಜೀವಿಗಳಲ್ಲಿ ಮಾತ್ರ ಇದೆ. ಬೇಳೆಕಾಳಿನ ಗಿಡಗಳ ಬೇರಿನ ಮೇಲಿನ ಸಣ್ಣ ಉಬ್ಬುಗಳಲ್ಲಿ ಅಂಥ ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ. ಬೇಳೆಕಾಳುಗಳಲ್ಲಿ ಪ್ರೋಟೀನ್ ಅಷ್ಟು ಸಮೃದ್ಧವಾಗಿರಲು ಅದೂ ಒಂದು ಕಾರಣ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಮತ್ತು ಕಾರ್ಲ್ ಬಾಷ್ ಭಾರಿ ಒತ್ತಡ, ಭಾರಿ ಶಾಖ ಕೊಟ್ಟು ಕಾರ್ಖಾನೆಯಲ್ಲಿ ಈ ಗಂಟು ಬಿಚ್ಚಿದರು. ಯೂರಿಯಾದಂಥ ಗೊಬ್ಬರ ಬಂದದ್ದು ಆ ದಾರಿಯಲ್ಲೇ. ಇಂದು ಮನುಷ್ಯರ ಮೈಯಲ್ಲಿರುವ ಸಾರಜನಕದಲ್ಲಿ ಸುಮಾರು ಅರ್ಧ ಇಂಥ ಕಾರ್ಖಾನೆಗಳನ್ನು ಹಾದು ಬಂದದ್ದು ಎಂಬ ಅಂದಾಜಿದೆ. ಅಂತೂ ನಮಗೆ ಸಾರಜನಕ ಬೇಕಾದರೆ ಬೇರೆ ಜೀವಿ ಮೊದಲೇ ಕಟ್ಟಿಟ್ಟ ಅಮೈನೊ ಆಮ್ಲದ ರೂಪದಲ್ಲೇ ಬೇಕು. ಅಮೈನೊ ಆಮ್ಲ ಎಂದರೆ ಪ್ರೋಟೀನ್ ಕಟ್ಟುವ ಬಿಡಿ ಅಣು. ಅಂದರೆ ಊಟದಲ್ಲಿ ಪ್ರೋಟೀನ್ ಬೇಕು.

ಇಲ್ಲಿ ಬಹಳ ಜನ ಒಂದು ತಪ್ಪು ಚಿತ್ರ ಇಟ್ಟುಕೊಂಡಿರುತ್ತಾರೆ. ದೇಹ ಒಂದು ಮನೆ ಇದ್ದ ಹಾಗೆ. ಬೆಳೆಯುವ ವಯಸ್ಸಿನಲ್ಲಿ ಕಟ್ಟಿ ಮುಗಿಸುತ್ತೇವೆ. ಆಮೇಲೆ ತಿನ್ನುವುದೆಲ್ಲ ಒಲೆಗೆ ಸೌದೆ. ನಾನೂ ಓದುವ ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಇದನ್ನು ಒಡೆದು ಹಾಕಿದವರು ರುಡಾಲ್ಫ್ ಶೋನ್‌ಹೈಮರ್. ಜರ್ಮನಿಯಿಂದ 1933ರಲ್ಲಿ ಅಮೆರಿಕಕ್ಕೆ ಹೋದವರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರ ಕೈಗೆ ಹೊಸ ಸಾಧನವೊಂದು ಸಿಕ್ಕಿತು. ಮಾಮೂಲಿ ಸಾರಜನಕಕ್ಕಿಂತ ಸ್ವಲ್ಪ ಭಾರವಾದ ಸಾರಜನಕ, ಮಾಮೂಲಿ ಜಲಜನಕಕ್ಕಿಂತ ಭಾರವಾದ ಜಲಜನಕ. ದೇಹಕ್ಕೆ ಎರಡರ ನಡುವೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಅಳೆಯುವ ಯಂತ್ರಕ್ಕೆ ತಿಳಿಯುತ್ತದೆ. ಗುರುತು ಹಾಕಿದ ನಾಣ್ಯ ಇದ್ದ ಹಾಗೆ. ಎಲ್ಲಿ ಹೋಯಿತು, ಎಲ್ಲಿ ನಿಂತಿತು ಎಂದು ಬೆನ್ನು ಹತ್ತಬಹುದು.

ಬೆಳವಣಿಗೆ ಮುಗಿದ, ತೂಕ ಏರದ ಇಳಿಯದ ಇಲಿಗಳಿಗೆ ಅವರು ಗುರುತಿನ ಅಮೈನೊ ಆಮ್ಲ ತಿನ್ನಿಸಿದರು. ಹಳೆಯ ಲೆಕ್ಕದ ಪ್ರಕಾರ ಅದೆಲ್ಲ ಸುಟ್ಟು ಮೂತ್ರದಲ್ಲಿ ಹೊರಗೆ ಬರಬೇಕಿತ್ತು. ಬರಲಿಲ್ಲ. ಕೆಲವೇ ದಿನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲಿಯ ಮಾಂಸಖಂಡ, ಲಿವರ್, ಕರುಳಿನ ಪ್ರೋಟೀನ್‌ನೊಳಗೆ ಸೇರಿಹೋಗಿತ್ತು. ತೂಕ ಮಾತ್ರ ಅಷ್ಟೇ ಇತ್ತು. ಅಂದರೆ ಹೊಸದು ಬಂದಷ್ಟೇ ಹಳೆಯದು ಹೊರಗೆ ಹೋಗಿತ್ತು. ಕೊಬ್ಬಿನಲ್ಲೂ ಹೀಗೇ ಆಯಿತು. ನಾನು ಈ ವಿಷಯ ಪಾಠ ಮಾಡುವಾಗ ಪ್ರತಿ ವರ್ಷವೂ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ‘ನನ್ನ ದೇಹ’ ಅಂತೀವಲ್ಲ, ಅದು ಹರಿಯುವ ಹೊಳೆಯ ಹಾಗೆ. ಆಕಾರ ನಿಂತಿರುತ್ತದೆ, ನೀರು ಬದಲಾಗುತ್ತಲೇ ಇರುತ್ತದೆ. ವಯಸ್ಕರ ದೇಹ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನ್ ಅನ್ನು ಬಿಚ್ಚಿ ಮತ್ತೆ ಕಟ್ಟುತ್ತದೆ. ನಾವು ತಿನ್ನುವುದು ಅದರಲ್ಲಿ ಒಂದು ಪಾಲು. ಉಳಿದದ್ದು ಹಳೆಯ ಸಾಮಾನಿನ ಮರುಬಳಕೆ. ಆದರೆ ಬಿಚ್ಚುವಾಗ, ಕಟ್ಟುವಾಗ ಒಂದಷ್ಟು ಸೋರಿಹೋಗುತ್ತದೆ. ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಆ ಸೋರಿಕೆಯನ್ನು ದಿನವೂ ತುಂಬಿಕೊಡಬೇಕು. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ ಪ್ರೋಟೀನ್ ಎಂದು ಹೇಳುವುದು ಇದೇ ಲೆಕ್ಕದಿಂದ. 60 ಕಿಲೋ ಇದ್ದವರಿಗೆ 48 ಗ್ರಾಂ. ಬೆಳೆಯುವ ಮಕ್ಕಳಿಗೆ, ಬಸುರಿಯರಿಗೆ, ಗಾಯ ಮಾಯುತ್ತಿರುವವರಿಗೆ ಇನ್ನೂ ಜಾಸ್ತಿ ಬೇಕು.

ಇನ್ನು ಮುಖ್ಯ ಪ್ರಶ್ನೆ. ಏನನ್ನು ದೇಹ ತಾನೇ ಕಟ್ಟುತ್ತದೆ? ನಮ್ಮ ಪ್ರೋಟೀನ್‌ಗಳು 20 ಬಗೆಯ ಅಮೈನೊ ಆಮ್ಲಗಳಿಂದ ಆಗಿವೆ. ಅದರಲ್ಲಿ 11 ಅನ್ನು ನಾವೇ ಮಾಡಿಕೊಳ್ಳಬಲ್ಲೆವು. ಅವುಗಳಲ್ಲಿ ಹೆಚ್ಚಿನವಕ್ಕೆ ಸಕ್ಕರೆಯಿಂದ ಬಂದ ಇಂಗಾಲದ ಚೌಕಟ್ಟು ತೆಗೆದುಕೊಂಡು, ಇನ್ನೊಂದು ಅಮೈನೊ ಆಮ್ಲದಿಂದ ಸಾರಜನಕವನ್ನು ಎರವಲು ಪಡೆದು ಅಂಟಿಸಿದರೆ ಆಯಿತು. ಉಳಿದ 9ಕ್ಕೆ ಬೇಕಾದ ಚೌಕಟ್ಟನ್ನು ಕಟ್ಟುವ ಕಿಣ್ವಗಳು ನಮ್ಮಲ್ಲಿ ಇಲ್ಲ. ಗಿಡಗಳಲ್ಲಿ ಇವೆ. ಈ 9 ಅನ್ನು ‘ಅತ್ಯಗತ್ಯ ಅಮೈನೊ ಆಮ್ಲ’ ಎನ್ನುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಬದುಕಲು 20 ಕೂಡ ಅಗತ್ಯವೇ. ಊಟದಲ್ಲಿ ಬರಲೇಬೇಕಾದವು ಎಂದಷ್ಟೇ ಅದರ ಅರ್ಥ.

ಮನುಷ್ಯರಿಗೆ ಇವುಗಳಲ್ಲಿ ಎಂಟು ಬೇಕೇ ಬೇಕು ಎಂದು ಪತ್ತೆ ಮಾಡಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್. ಅವರು ಇಲಿಗಳಿಗೆ ಪ್ರೋಟೀನ್ ಬದಲು ಆಗ ಗೊತ್ತಿದ್ದ ಶುದ್ಧ ಅಮೈನೊ ಆಮ್ಲಗಳನ್ನೆಲ್ಲ ಬೆರೆಸಿ ಕೊಟ್ಟರು. ಇಲಿಗಳು ಬೆಳೆಯಲಿಲ್ಲ. ಏನೋ ಒಂದು ಬಿಟ್ಟುಹೋಗಿದೆ ಎಂದು ಹುಡುಕಿ 1935ರಲ್ಲಿ ಥ್ರಿಯೊನಿನ್ ಎಂಬ ಅಮೈನೊ ಆಮ್ಲವನ್ನು ಕಂಡುಹಿಡಿದರು. ಆಮೇಲೆ ವಿದ್ಯಾರ್ಥಿಗಳು ತಾವಾಗಿ ಮುಂದೆ ಬಂದು ವಾರಗಟ್ಟಲೆ ಅಂಥದೇ ಆಹಾರ ತಿಂದರು. ಒಂದೊಂದೇ ಅಮೈನೊ ಆಮ್ಲವನ್ನು ತೆಗೆದು, ಒಳಗೆ ಹೋದ ಸಾರಜನಕ ಮತ್ತು ಹೊರಗೆ ಬಂದ ಸಾರಜನಕವನ್ನು ಅಳೆದರು. ಯಾವುದನ್ನು ತೆಗೆದಾಗ ಹೊರಗೆ ಹೋಗುವುದು ಜಾಸ್ತಿಯಾಯಿತೋ, ಅದನ್ನು ಮನುಷ್ಯನ ದೇಹ ಮಾಡಿಕೊಳ್ಳಲಾರದು ಎಂದು ತಿಳಿಯಿತು. ಗಮನಿಸಿ, ಒಂದೇ ಒಂದು ಇಲ್ಲದಿದ್ದರೂ ಬೇರೆಲ್ಲವೂ ವ್ಯರ್ಥವಾಗುತ್ತಿತ್ತು. ಪ್ರೋಟೀನ್ ಒಂದು ಸರ ಇದ್ದ ಹಾಗೆ. ಪೋಣಿಸುತ್ತಾ ಹೋಗುವಾಗ ಬೇಕಾದ ಮಣಿ ಸಿಗದಿದ್ದರೆ ಸರ ಅಲ್ಲಿಗೇ ನಿಲ್ಲುತ್ತದೆ. ಉಳಿದ ಮಣಿಗಳನ್ನು ದೇಹ ಕೂಡಿಡುವುದಿಲ್ಲ, ಸುಟ್ಟುಬಿಡುತ್ತದೆ. ಏಕದಳ ಧಾನ್ಯಗಳಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಬೇಳೆಕಾಳುಗಳಲ್ಲಿ ಮಿಥಿಯೊನಿನ್ ಕಡಿಮೆ, ಲೈಸಿನ್ ಧಾರಾಳ. ಎರಡನ್ನೂ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಇರಬೇಕೆಂದೇನೂ ಇಲ್ಲ. ಒಂದೇ ದಿನದಲ್ಲಿ ಬಂದರೆ ಸಾಕು.

ಅಗತ್ಯ ಯಾವುದು ಎನ್ನುವುದನ್ನು ನಿರ್ಧರಿಸುವುದು ಆಹಾರ ಅಲ್ಲ, ನಮ್ಮೊಳಗಿನ ಕಿಣ್ವ. ಇದಕ್ಕೆ ಮನಸ್ಸಿಗೆ ನಾಟುವ ಉದಾಹರಣೆ ಫೀನೈಲ್‌ಕೀಟೋನೂರಿಯಾ ಎಂಬ ಹುಟ್ಟುಕಾಯಿಲೆ. ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲವನ್ನು ಟೈರೊಸಿನ್ ಎಂಬ ಇನ್ನೊಂದಾಗಿ ಬದಲಿಸುವ ಕಿಣ್ವ ಆ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ನಮಗೆಲ್ಲ ಊಟದಲ್ಲಿ ಬರದಿದ್ದರೂ ನಡೆಯುವ ಟೈರೊಸಿನ್ ಅವರಿಗೆ ಅತ್ಯಗತ್ಯವಾಗುತ್ತದೆ. ಫೀನೈಲ್‌ಅಲನಿನ್ ರಕ್ತದಲ್ಲಿ ಶೇಖರವಾಗಿ ಮೆದುಳಿಗೆ ಪೆಟ್ಟು ಕೊಡುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆ ಮಾಡಿದರೆ, ಊಟವನ್ನು ಬದಲಿಸಿಯೇ ಆ ಮಗುವನ್ನು ಕಾಪಾಡಬಹುದು. ಒಂದು ಕಿಣ್ವ, ಒಂದು ಗಂಟು. ಇಡೀ ಬದುಕು ಅದರ ಮೇಲೆ ನಿಂತಿರುತ್ತದೆ.

ಕೊಬ್ಬಿನ ಕಥೆಯೂ ಇಂಥದ್ದೇ. ಸಕ್ಕರೆಯಿಂದ ಬೇಕಾದಷ್ಟು ಕೊಬ್ಬು ಮಾಡುವುದು ನಮ್ಮ ದೇಹಕ್ಕೆ ಗೊತ್ತು, ಅದು ನಮಗೂ ಗೊತ್ತು ಅಲ್ವಾ. ಆದರೆ ಕೊಬ್ಬಿನ ಉದ್ದನೆಯ ಇಂಗಾಲದ ಸರಪಳಿಯಲ್ಲಿ ಕೆಲವು ಜಾಗಗಳಲ್ಲಿ ಜೋಡಿ ಬಂಧ ಹಾಕುವ ಕಿಣ್ವ ನಮ್ಮಲ್ಲಿಲ್ಲ. ಹೀಗಾಗಿ ಲಿನೊಲೆಯಿಕ್ ಆಮ್ಲ ಮತ್ತು ಆಲ್ಫಾ ಲಿನೊಲೆನಿಕ್ ಆಮ್ಲ, ಇವೆರಡು ಎಣ್ಣೆ, ಬೀಜಗಳಿಂದಲೇ ಬರಬೇಕು. ಒಮೆಗಾ 6, ಒಮೆಗಾ 3 ಎಂದು ಕೇಳಿರುತ್ತೀರಿ. ಅವುಗಳ ಮೂಲ ಇವೇ. ಕೊಬ್ಬೇ ಇಲ್ಲದ ಆಹಾರ ತಿಂದ ಇಲಿಗಳ ಚರ್ಮ ಹೊಪ್ಪಳಿಕೆ ಎದ್ದು, ಬೆಳವಣಿಗೆ ನಿಂತದ್ದನ್ನು ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ತೋರಿಸಿದರು.

ಈಗ ನಿಮ್ಮ ಕೊಲಾಜೆನ್ ಪುಡಿಗೆ ಬರೋಣ. ಕೊಲಾಜೆನ್ ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನ್. ಒಟ್ಟು ಪ್ರೋಟೀನ್‌ನಲ್ಲಿ ಸುಮಾರು ಕಾಲು ಭಾಗ ಅದೇ. ಚರ್ಮ, ಮೂಳೆ, ಸ್ನಾಯುರಜ್ಜು, ರಕ್ತನಾಳದ ಗೋಡೆ ಎಲ್ಲವನ್ನೂ ಹಿಡಿದಿಟ್ಟಿರುವುದು ಈ ಹಗ್ಗ. ಮೂರು ಎಳೆ ಹೊಸೆದ ಹಗ್ಗವೇ ಅದು, ಉಪಮೆ ಅಲ್ಲ. ನೀವು ಕೊಲಾಜೆನ್ ನುಂಗಿದಾಗ ಹೊಟ್ಟೆಯ ಆಮ್ಲ, ಕರುಳಿನ ಕಿಣ್ವಗಳು ಆ ಹಗ್ಗವನ್ನು ಬಿಚ್ಚಿ ಅಮೈನೊ ಆಮ್ಲಗಳನ್ನಾಗಿ ಮಾಡುತ್ತವೆ. ಎರಡು ಮೂರು ಮಣಿಗಳ ಕೆಲವು ಚೂರುಗಳು ಹಾಗೇ ರಕ್ತಕ್ಕೆ ಸೇರುವುದೂ ಉಂಟು. ಆದರೆ ತಿಂದ ಹಗ್ಗ ಹಗ್ಗವಾಗಿಯೇ ಹೋಗಿ ಕೆನ್ನೆಯಲ್ಲಿ ಕೂರುವುದಿಲ್ಲ. ದೇಹ ಬಿಚ್ಚಿದ ಮಣಿಗಳನ್ನು ಎಲ್ಲಿ ಬೇಕೋ ಅಲ್ಲಿಗೆ ಕಳಿಸುತ್ತದೆ. ಇವತ್ತು ಅದಕ್ಕೆ ಕರುಳಿನ ಒಳಪದರ ದುರಸ್ತಿ ಮಾಡಬೇಕಿದ್ದರೆ ಅಲ್ಲಿಗೇ ಹೋಗುತ್ತವೆ. ಪ್ರೋಟೀನ್ ಎಂದು ನೋಡಿದರೆ ಕೊಲಾಜೆನ್ ಅಷ್ಟೇನೂ ಒಳ್ಳೆಯದಲ್ಲ. ಅತ್ಯಗತ್ಯ ಒಂಬತ್ತರಲ್ಲಿ ಒಂದಾದ ಟ್ರಿಪ್ಟೊಫಾನ್ ಅದರಲ್ಲಿ ಇಲ್ಲವೇ ಇಲ್ಲ. ಇದೂ ಹೊಸ ಸಂಗತಿಯಲ್ಲ. ಬಡವರಿಗೆ ಮಾಂಸದ ಬದಲು ಮೂಳೆಯಿಂದ ತೆಗೆದ ಜೆಲಟಿನ್ ಸಾರು ಕೊಟ್ಟರೆ ಸಾಕೇ ಎಂದು ಪರೀಕ್ಷಿಸಲು ಪ್ಯಾರಿಸ್‌ನಲ್ಲಿ ಒಂದು ಸಮಿತಿ ಮಾಡಿದ್ದರು. ಜೆಲಟಿನ್ ಎಂದರೆ ಬೇಯಿಸಿ ಬಿಚ್ಚಿದ ಕೊಲಾಜೆನ್. ಸಮಿತಿಯ ಮುಂದಾಳು ಅದೇ ಮಜಾಂದಿ. 1841ರಲ್ಲಿ ವರದಿ ಬಂತು. ಬರೀ ಜೆಲಟಿನ್‌ನಿಂದ ಪ್ರಾಣಿ ಬದುಕುವುದಿಲ್ಲ.

ಹಾಗಾದರೆ ದೇಹ ತನ್ನ ಕೊಲಾಜೆನ್ ಕಟ್ಟಲು ಏನು ಕೇಳುತ್ತದೆ? ಸಾಕಷ್ಟು ಪ್ರೋಟೀನ್, ಜೊತೆಗೆ ವಿಟಮಿನ್ ಸಿ. ಹಗ್ಗದ ಮೂರು ಎಳೆಗಳು ಗಟ್ಟಿಯಾಗಿ ಹೊಸೆದುಕೊಳ್ಳಬೇಕಾದರೆ ಅದರ ಪ್ರೋಲಿನ್ ಎಂಬ ಮಣಿಗಳಿಗೆ ಒಂದೊಂದು ಆಮ್ಲಜನಕ ಅಂಟಿಸಬೇಕು. ಆ ಕೆಲಸ ಮಾಡುವ ಕಿಣ್ವದ ನಡುವೆ ಒಂದು ಕಬ್ಬಿಣದ ಪರಮಾಣು ಇದೆ. ಕೆಲಸದ ಮಧ್ಯೆ ಅದು ಆಗಾಗ ತುಕ್ಕು ಹಿಡಿದ ಹಾಗಾಗುತ್ತದೆ. ವಿಟಮಿನ್ ಸಿ ಅದನ್ನು ಮತ್ತೆ ಸರಿ ಸ್ಥಿತಿಗೆ ತರುತ್ತದೆ. ಅದು ಸಿಗದಿದ್ದರೆ ಹಗ್ಗ ಜಾಳಾಗುತ್ತದೆ. ವಸಡಿನಲ್ಲಿ ರಕ್ತ, ಹಲ್ಲು ಅಲುಗುವುದು, ಮಾಯದ ಗಾಯ, ಹಳೆಯ ಗಾಯವೂ ತೆರೆದುಕೊಳ್ಳುವುದು. ಇದೇ ಸ್ಕರ್ವಿ. ಹಳೆಯ ಗಾಯ ಯಾಕೆ ತೆರೆದುಕೊಳ್ಳುತ್ತದೆ ಎಂದರೆ, ಮಾಯ್ದ ಕಲೆಯಲ್ಲೂ ದೇಹ ಕೊಲಾಜೆನ್ ಅನ್ನು ಬಿಚ್ಚಿ ಕಟ್ಟುತ್ತಲೇ ಇರುತ್ತದೆ. ಬಿಚ್ಚುವುದು ನಡೆದು, ಕಟ್ಟುವುದು ನಿಂತರೆ ಹಾಗಾಗುತ್ತದೆ. ಶೋನ್‌ಹೈಮರ್ ಇಲಿಗಳಲ್ಲಿ ಕಂಡದ್ದನ್ನು ನಾವಿಕರು ತಮ್ಮ ಮೈಮೇಲೆಯೇ ಕಂಡಿದ್ದರು. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ 12 ಮಂದಿ ರೋಗಿಗಳಿಗೆ ಇಬ್ಬಿಬ್ಬರಂತೆ ಆರು ಬಗೆಯ ಮದ್ದು ಕೊಟ್ಟು ನೋಡಿದರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಕೆಲವೇ ದಿನದಲ್ಲಿ ಎದ್ದು ಓಡಾಡಿದರು.

ಬಹುಪಾಲು ಸಸ್ತನಿಗಳು ವಿಟಮಿನ್ ಸಿ ಅನ್ನು ಗ್ಲೂಕೋಸ್‌ನಿಂದ ತಾವೇ ಮಾಡಿಕೊಳ್ಳುತ್ತವೆ. ನಾಯಿಗೂ ಬೆಕ್ಕಿಗೂ ಕಿತ್ತಳೆ ಬೇಕಿಲ್ಲ. ನಮ್ಮಲ್ಲಿ ಆ ಕೆಲಸದ ಕೊನೆಯ ಹಂತದ ಕಿಣ್ವವನ್ನು ಮಾಡುವ ಜೀನ್ ಕೆಟ್ಟುಹೋಗಿದೆ. ವಾನರಗಳಲ್ಲೂ ಹಾಗೇ. ಗಿನಿಯಿಲಿಗಳಲ್ಲಿ ಬೇರೆಯಾಗಿಯೇ ಕೆಟ್ಟಿದೆ. ಆ ಮುರುಕು ಜೀನ್‌ನ ಗುರುತು ಇವತ್ತಿಗೂ ನಮ್ಮ ಪ್ರತಿ ಜೀವಕೋಶದಲ್ಲಿದೆ. ಹಣ್ಣು ಸಮೃದ್ಧವಾಗಿ ತಿನ್ನುತ್ತಿದ್ದ ಪೂರ್ವಜರಿಗೆ ಅದು ಕೆಟ್ಟದ್ದು ಗೊತ್ತೇ ಆಗಿರಲಿಕ್ಕಿಲ್ಲ. ‘ವಿಟಮಿನ್’ ಎನ್ನುವ ಪದಕ್ಕೆ ನಾನು ಕೊಡುವ ಅರ್ಥ ಇದು: ನಮ್ಮ ಪೂರ್ವಜರು ಮಾಡುವುದನ್ನು ಮರೆತ, ಆದರೆ ಬಳಸುವುದನ್ನು ಬಿಡದ ಅಣು.

ಕಬ್ಬಿಣದ ಮಾತು ಬಂತು, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕೆಂದರೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು, ಅದರಲ್ಲೂ ಹೆಂಗಸರನ್ನು, ಸದ್ದಿಲ್ಲದೆ ಕಾಡುವ ಕೊರತೆ ಇದು. ದೇಹದ 3–4 ಗ್ರಾಂ ಕಬ್ಬಿಣದಲ್ಲಿ ಸುಮಾರು ಮೂರನೇ ಎರಡು ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲಿದೆ. ಆಮ್ಲಜನಕವನ್ನು ಹಿಡಿದು, ಬೇಕಾದಲ್ಲಿ ಬಿಡುವುದು ಈ ಕಬ್ಬಿಣವೇ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳು ಹುಟ್ಟುತ್ತವೆ. ಇದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಆದರೆ ಊಟದಿಂದ ನಾವು ಹೀರಿಕೊಳ್ಳುವುದು 1–2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಸತ್ತ ರಕ್ತಕಣಗಳಿಂದ ಬಿಡಿಸಿಕೊಂಡದ್ದು. ಇಷ್ಟು ಜೋಪಾನ ದೇಹ ಬೇರೆ ಯಾವ ಲೋಹದ ಬಗ್ಗೆಯೂ ಮಾಡುವುದು ಕಾಣೆ.

ಜೋಪಾನಕ್ಕೆ ಕಾರಣವಿದೆ. ಬಿಡಿಯಾಗಿ ಅಲೆಯುವ ಕಬ್ಬಿಣ ಅಪಾಯಕಾರಿ. ಆಮ್ಲಜನಕದ ಜೊತೆ ಸೇರಿ ಜೀವಕೋಶವನ್ನೇ ಸುಡುವ ಅಣುಗಳನ್ನು ಹುಟ್ಟಿಸುತ್ತದೆ. ಮೇಲಾಗಿ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿಯೇ ದೇಹದಲ್ಲಿ ಇಲ್ಲ. ಅದಕ್ಕೇ ಕರುಳಿನ ಬಾಗಿಲಲ್ಲೇ ಕಾವಲು ಹಾಕಿದೆ. ಸಸ್ಯಾಹಾರದ ಕಬ್ಬಿಣ ಹೆಚ್ಚಾಗಿ ತುಕ್ಕಿನಲ್ಲಿರುವಂಥ ರೂಪದಲ್ಲಿರುತ್ತದೆ. ಕರುಳು ಅದನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ವಿಟಮಿನ್ ಸಿ ಇಲ್ಲೂ ಅದೇ ಕೆಲಸ ಮಾಡುತ್ತದೆ. ಒಂದು ಎಲೆಕ್ಟ್ರಾನ್ ಕೊಟ್ಟು ಕಬ್ಬಿಣವನ್ನು ಕರುಳು ಒಪ್ಪುವ ರೂಪಕ್ಕೆ ತರುತ್ತದೆ. ಹುಳಿ ಹಣ್ಣನ್ನು ಊಟದ ಜೊತೆಗೇ ತಿಂದರೆ ಈ ಲಾಭ. ಎರಡು ಗಂಟೆ ಬಿಟ್ಟು ತಿಂದರೆ ಅಷ್ಟು ಉಪಯೋಗವಿಲ್ಲ. ಟೀ, ಕಾಫಿಯಲ್ಲಿರುವ ಒಗರು ಅಂಶಗಳು ಇದಕ್ಕೆ ಉಲ್ಟಾ. ಕಬ್ಬಿಣವನ್ನು ಹಿಡಿದುಕೊಂಡು ಬಿಡುವುದಿಲ್ಲ. ರಕ್ತ ಕಡಿಮೆ ಇರುವವರು ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಅಂತರ ಕೊಡುವುದು ಒಳ್ಳೆಯದು. ಆದರೆ ದಯವಿಟ್ಟು ಸುಮ್ನೆ ಸುಸ್ತಾಗಿದೆ ಎಂದು ಕಬ್ಬಿಣದ ಮಾತ್ರೆ ಶುರು ಮಾಡಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಹೊರಗೆ ಹೋಗುವ ದಾರಿ ಇಲ್ಲದ ವಸ್ತುವನ್ನು ಅಂದಾಜಿನ ಮೇಲೆ ತೆಗೆದುಕೊಳ್ಳಬಾರದು. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಶಕ್ತಿಯ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಉಸಿರಾಟ ಎಂದರೆ ನಿಧಾನವಾಗಿ ಉರಿಯುವುದು ಎಂದು 1780ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತೋರಿಸಿದರು. ಎಷ್ಟು ಮಂಜು ಕರಗಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ಅಳೆದು, ಇದ್ದಿಲು ಉರಿದಾಗಿನ ಲೆಕ್ಕದ ಜೊತೆ ಹೋಲಿಸಿದರು. ದೇಹ ಆಹಾರವನ್ನು ಒಂದೇ ಸಲ ಉರಿಸುವುದಿಲ್ಲ. ಹತ್ತಾರು ಮೆಟ್ಟಿಲು ಇಳಿಸುತ್ತದೆ. ಪ್ರತಿ ಮೆಟ್ಟಿಲಲ್ಲೂ ಸಿಕ್ಕ ಶಕ್ತಿಯನ್ನು ಎಟಿಪಿ ಎಂಬ ಅಣುವಿನಲ್ಲಿ ತುಂಬುತ್ತದೆ. ಯಾವ ಕ್ಷಣದಲ್ಲಿ ನೋಡಿದರೂ ಇಡೀ ದೇಹದಲ್ಲಿರುವ ಎಟಿಪಿ ಒಂದು ಮುಷ್ಟಿಯಷ್ಟು. ಆದರೆ ಅದೇ ಅಣುಗಳು ಖಾಲಿಯಾಗಿ, ತುಂಬಿ, ಮತ್ತೆ ಖಾಲಿಯಾಗಿ ಒಂದು ದಿನಕ್ಕೆ ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟು ಎಟಿಪಿ ಖರ್ಚಾಗುತ್ತದೆ. ಬಿ ಗುಂಪಿನ ವಿಟಮಿನ್‌ಗಳಲ್ಲಿ ಹಲವು ಈ ಮೆಟ್ಟಿಲುಗಳ ಕೀಲುಗಳು. ತಮ್ಮಲ್ಲಿ ಶಕ್ತಿ ಇಲ್ಲ, ಶಕ್ತಿ ಬಿಡಿಸಲು ಬೇಕು. ‘ಶಕ್ತಿಗಾಗಿ ಬಿ ಕಾಂಪ್ಲೆಕ್ಸ್’ ಎಂಬ ಮಾತು ಕೊರತೆ ಇದ್ದವರಿಗೆ ನಿಜ. ಇಲ್ಲದವರಿಗೆ ಹೆಚ್ಚಿನದು ಬಹುತೇಕ ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಎ, ಡಿ ಹಾಗಲ್ಲ. ಅವು ಕೊಬ್ಬಿನಲ್ಲಿ ಕರಗುವಂಥವು, ಮೈಯಲ್ಲಿ ಶೇಖರವಾಗುತ್ತವೆ, ಅತಿಯಾದರೆ ವಿಷವಾಗುತ್ತವೆ.

ಬಿ 12 ಮಾತ್ರ ಬೇರೆಯದೇ ಕಥೆ. ಅದರ ನಡುವೆ ಕೋಬಾಲ್ಟ್ ಲೋಹದ ಒಂದು ಪರಮಾಣು ಇದೆ. ಅದರ ರಚನೆಯನ್ನು ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಬಂತು. ಈ ಅಣುವನ್ನು ಗಿಡವೂ ಕಟ್ಟಲಾರದು, ಪ್ರಾಣಿಯೂ ಕಟ್ಟಲಾರದು. ಕೆಲವು ಸೂಕ್ಷ್ಮಜೀವಿಗಳು ಮಾತ್ರ ಕಟ್ಟುತ್ತವೆ. ಹಾಲು, ಮೊಟ್ಟೆ, ಮಾಂಸ, ಮೀನು ಯಾವುದನ್ನೂ ಮುಟ್ಟದವರು ಇದನ್ನು ಮಾತ್ರೆಯಾಗಿಯೋ, ಬಿ 12 ಬೆರೆಸಿದ ಆಹಾರವಾಗಿಯೋ ತೆಗೆದುಕೊಳ್ಳಲೇಬೇಕು. ಲಿವರ್‌ನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬಹಳ ತಡವಾಗಿ ಕಾಣುತ್ತದೆ. ಅಷ್ಟರಲ್ಲಿ ನರಗಳಿಗೆ ಪೆಟ್ಟಾಗಿರಬಹುದು. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ತೂಕದ ಬಗ್ಗೆ ನೀವು ಕೇಳಿಲ್ಲ, ಆದರೂ ಪರಮಾಣುಗಳ ಲೆಕ್ಕ ಇಷ್ಟಪಡುವವರಿಗೆ ಇದು ಹಿಡಿಸುತ್ತದೆ ಎಂದು ಹೇಳುತ್ತೇನೆ. ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ? ಬೆವರಾಗಿ ಎನ್ನುತ್ತಾರೆ, ಶಾಖವಾಗಿ ಎನ್ನುತ್ತಾರೆ. ಪರಮಾಣುಗಳು ಶಾಖವಾಗುವುದಿಲ್ಲ. 10 ಕಿಲೋ ಕೊಬ್ಬು ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಗೆ ಹೋಗುತ್ತದೆ. 1.6 ಕಿಲೋ ನೀರಾಗುತ್ತದೆ. ಇನ್ನು ಪಥ್ಯ ಶುರು ಮಾಡಿದ ಮೊದಲ ವಾರ ಸರ್ರನೆ ಇಳಿಯುವ ಎರಡು ಕಿಲೋ ಬಹುಪಾಲು ಕೊಬ್ಬಲ್ಲ. ಲಿವರ್ ಮತ್ತು ಮಾಂಸಖಂಡದಲ್ಲಿ ಸುಮಾರು ಅರ್ಧ ಕಿಲೋ ಗ್ಲೈಕೋಜೆನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಇರುತ್ತದೆ. ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಮತ್ತೆ ಹೊಟ್ಟೆ ತುಂಬ ಉಂಡ ಕೂಡಲೇ ಆ ತೂಕ ವಾಪಸ್ ಬರುತ್ತದೆ. ಸೋತೆ ಅಂದುಕೊಳ್ಳಬೇಡಿ, ಅದು ನೀರು.

ಕೊನೆಗೆ ಕ್ಷಾರೀಯ ಆಹಾರ. ಆಮ್ಲ, ಕ್ಷಾರ ಎಷ್ಟಿದೆ ಎಂದು ಅಳೆಯುವ ಅಂಕಿ ಪಿಎಚ್. 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. ಅಂದರೆ ರಕ್ತ ಈಗಾಗಲೇ ಸ್ವಲ್ಪ ಕ್ಷಾರೀಯವೇ. ಈ ಗೆರೆ ದಾಟಿದರೆ ಕಿಣ್ವಗಳ ಆಕಾರ ಕೆಡುತ್ತದೆ, ಹೃದಯದ ಲಯ ತಪ್ಪುತ್ತದೆ. ಹಾಗಾಗಿ ದೇಹ ಇದನ್ನು ಊಟದ ಕೈಗೆ ಬಿಟ್ಟೇ ಇಲ್ಲ. ರಕ್ತದಲ್ಲಿ ಬೈಕಾರ್ಬೊನೇಟ್ ಇದೆ, ಆಮ್ಲ ಬಂದರೆ ಹಿಡಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತದೆ. ಶ್ವಾಸಕೋಶ ಅದನ್ನು ಆಚೆ ಕಳಿಸುತ್ತದೆ. ಒಂದು ಅಳತೆ ಕೊಡುತ್ತೇನೆ. ಜೀವಕೋಶಗಳು ಉಸಿರಾಡುವುದರಿಂದಲೇ ದಿನಕ್ಕೆ ಹುಟ್ಟುವ ಆಮ್ಲದ ಮುಂದೆ, ಪ್ರೋಟೀನ್‌ನ ಗಂಧಕ ಮುಂತಾದವುಗಳಿಂದ ಹುಟ್ಟುವ ಆಮ್ಲ ಸುಮಾರು ಇನ್ನೂರರಲ್ಲಿ ಒಂದು ಪಾಲು. ಆ ಒಂದು ಪಾಲನ್ನು ಕಿಡ್ನಿ ಮೂತ್ರಕ್ಕೆ ದಾಟಿಸುತ್ತದೆ. ಕ್ಷಾರೀಯ ನೀರು ಕುಡಿದರೆ ಅದು ಮೊದಲು ಬೀಳುವುದು ಪಿಎಚ್ 2ರ ಆಸುಪಾಸಿನ ಹೊಟ್ಟೆಯ ಆಮ್ಲಕ್ಕೆ. ಅಲ್ಲೇ ಅದರ ಕಥೆ ಮುಗಿಯಿತು.

ಆದರೆ ಆ ಪಟ್ಟಿಯಲ್ಲಿರುವ ತರಕಾರಿ, ಹಣ್ಣುಗಳನ್ನು ಬಿಡಬೇಡಿ. ಅವು ಒಳ್ಳೆಯವೇ, ಕಾರಣ ಬೇರೆ. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ನಮ್ಮ ಪ್ರತಿ ಜೀವಕೋಶದ ಗೋಡೆಯಲ್ಲೂ ಒಂದು ಪಂಪ್ ಇದೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಹೀಗೆ ಹಗಲೂ ರಾತ್ರಿ ತಳ್ಳುತ್ತಿರುತ್ತದೆ. ನರದ ಸಂದೇಶ, ಹೃದಯದ ಬಡಿತ ಎಲ್ಲ ಆ ಅಂತರದ ಮೇಲೆ ನಡೆಯುತ್ತವೆ. ಉಪ್ಪು ಅತಿಯಾಗಿ, ಪೊಟ್ಯಾಸಿಯಂ ಕಡಿಮೆಯಾದರೆ ರಕ್ತದೊತ್ತಡ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಹಣ್ಣಿನ ಸಿಟ್ರೇಟ್ ಕಿಡ್ನಿಯಲ್ಲಿ ಕೆಲವು ಬಗೆಯ ಕಲ್ಲುಗಳನ್ನೂ ತಡೆಯುತ್ತದೆ. ಕಿಡ್ನಿಯ ಕಾಯಿಲೆ ಇರುವವರು ಮಾತ್ರ ಪೊಟ್ಯಾಸಿಯಂ ಎಷ್ಟು ಎಂದು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಇಂಥ ಆಹಾರ ಮಾರುವವರು ಒಂದು ಬಣ್ಣದ ಪಟ್ಟಿ ಕೊಟ್ಟು ಮೂತ್ರ ಪರೀಕ್ಷಿಸಿಕೊಳ್ಳಿ ಎನ್ನುತ್ತಾರೆ. ವಾರ ಕಳೆದರೆ ಪಟ್ಟಿಯ ಬಣ್ಣ ನಿಜಕ್ಕೂ ಬದಲಾಗುತ್ತದೆ. ಅದು ಸುಳ್ಳಲ್ಲ. ಆದರೆ ಬದಲಾದದ್ದು ಮೂತ್ರ. ರಕ್ತ ಬದಲಾಗಬಾರದೆಂದು ನಿಮ್ಮ ಕಿಡ್ನಿಗಳು ಹೆಚ್ಚಾದ ಕ್ಷಾರವನ್ನು ತೆಗೆದು ಮೂತ್ರಕ್ಕೆ ಹಾಕಿವೆ. ಆ ಬಣ್ಣ ತೋರಿಸುತ್ತಿರುವುದು ಅದನ್ನೇ.